ಇತಿಹಾಸದ ಪ್ರೊಫೆಸರು

"…ಇತಿಹಾಸದ ಪ್ರೊಫೆಸರ್ ಯುನೂಸ ಅವರು ತೀರಿಕೊಂಡಾರ. ಮಧ್ಯಾಹ್ನದ ನಮಾಜ್ ಆದಮ್ಯಾಲೆ ಮಣ್ಣು," ಎಂದು ಮಸೀದಿಯ ಮೈಕಿನಲ್ಲಿ ಹೇಳಿ ಮುಗಿಸಿ ಅರ್ಷದ ಮನೆಗೆ ಬಂದ. ಅಂಗಳದಲ್ಲಿ ಅಪರಿಚಿತ ಹೆಂಗಸೊಬ್ಬಳು ಎದ್ದು ನಿಂತಳು.

"ನಾ ಲಲಿತಾ ರೀ, ವಿದ್ಯಾಗಿರಿಯಿಂದ ಬಂದೇನಿ. ನಿಮ್ಮ ತಮ್ಮನ ಕೈಯಾಗ ಪಿಎಚ್.ಡಿ. ಮಾಡಿದಾಕಿ. ಮೈಕಿನ್ಯಾಗ ಇತಿಹಾಸ ಅಂದ್ರಲ್ರಿ? ಸರ್ ಜಪಾನ್, ಕೊರಿಯಾದ ಸಿನಿಮಾ ಕಲಸ್ತಿದ್ರು."

"ಸಿನಿಮಾ ಏನ್ರಿ?" ಪಕ್ಕದಲ್ಲೇ ಕೂತಿದ್ದ ಬೀಗರು ಅಹ್ಮದಸಾಬರ ಹುಬ್ಬು ಮೇಲೇರಿತು.

"ಎಲ್ಲಾ ಇತಿಹಾಸನ ಬಿಡ್ರಿ," ಎಂದು ಅರ್ಷದ ನಕ್ಕ. ಸಾವಿನ ಮನೆಯಲ್ಲಿ ನಕ್ಕವನು ಅವನೊಬ್ಬನೇ.

*

ಐದು ವರ್ಷದ ಹಿಂದೆ, ಬಕ್ರೀದಿಗೆ ಇಳಕಲ್ಲಿಗೆ ಬಂದ ಯುನೂಸ ತಾಯಿ ಕಾಸಿಂಬಿಗೆ ಲ್ಯಾಪ್‌ಟಾಪಿನಲ್ಲಿ ಜಪಾನಿನ ಹಳೆಯದೊಂದು ಸಿನಿಮಾ ತೋರಿಸುತ್ತಿದ್ದ. ಮಾತು ತಿಳಿಯದಿದ್ದರೂ ಮುದುಕಿ ಮೈಮರೆತಿದ್ದಳು.

"ಅಯ್ಯ, ಇವರೂ ಚಪ್ಪಲಿ ಹೊರಗ ಬಿಟ್ಟು ನೆಲದ ಮ್ಯಾಲೆ ಕುಂತು ಉಣ್ತಾರಲ್ಲೋ! ಆ ಸೊಸಿ ಯಾಕ ಅಳಾಕ್ಹತ್ತಾಳ? ಯಾರರ ಬೈದ್ರೇನು?"

"ಯಾರೂ ಬೈದಿಲ್ಲಬೇ. ಆಕಿನ್ನ ಯಾರೂ ಮಾತಾಡಸಲಿಲ್ಲ, ಅದಕ್ಕ."

ಅಷ್ಟರಲ್ಲಿ, ಅರ್ಷದನ ಮಗಳು ಮುಬಶೀರಾಳನ್ನು ತಮ್ಮ ಮಗನಿಗೆಂದು ನೋಡಲು ಬಂದ, ಸಿನಿಮಾ ಅಂದರೆ ಪಾಪ ಎನ್ನುವ ಅಹ್ಮದಸಾಬರನ್ನು ಕರೆದುಕೊಂಡು ಅರ್ಷದ ಒಳಬಂದ. ಬಂದವನೇ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ.

"ತಮ್ಮ ರೀ. ದೊಡ್ಡ ಯೂನಿವರ್ಸಿಟಿಯಾಗ ಇತಿಹಾಸ ಕಲಸ್ತಾನ."

ಯುನೂಸ ಅಣ್ಣನ ಮುಖ ನೋಡಿದ. ಜೀವಮಾನವಿಡೀ ಓದಿ ಬರೆದದ್ದನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟ.

"ಹೌದ್ರಿ. ಇತಿಹಾಸ."

ಮದುವೆ ಕೂಡಿತು. ಆಮೇಲೆ ಯುನೂಸ ಹಬ್ಬಕ್ಕೆ ಬಂದರೂ ಒಂದು ಹೊತ್ತಿಗಿಂತ ಹೆಚ್ಚು ನಿಲ್ಲಲಿಲ್ಲ. ಕೆಲಸ ಬಹಳ ಎನ್ನುತ್ತಿದ್ದ, ಮನೆಯವರು ನಂಬಿದಂತೆ ಮಾಡುತ್ತಿದ್ದರು.

*

ಖಬರಸ್ತಾನದ ಬಯಲಿನಲ್ಲಿ ಶವದ ಡೋಲಿ ಇಳಿಸಿ ಜನ ಸಾಲಾಗಿ ನಿಂತರು. ಮಣ್ಣಿಗೆ ಮುಂಚಿನ ಜನಾಜಾ ನಮಾಜಿಗೆ ಮೊದಲು, ಸತ್ತವನ ಪರವಾಗಿ ಮನೆಯ ಹಿರಿಯ ಎಲ್ಲರ ಕ್ಷಮೆ ಕೇಳಬೇಕು. ಅರ್ಷದ ಮುಂದೆ ಬಂದ.

"ನಮ್ಮ ಯುನೂಸ ಯಾರ ಮನಸ್ಸರ ನೋಯಿಸಿದ್ರ, ಇವತ್ತ ಮಾಫ್ ಮಾಡ್ರಿ."

"ಮಾಫ್ ಮಾಡೇವಿ," ಎಂದಿತು ಸಾಲು. ಅಹ್ಮದಸಾಬರ ದನಿ ಎಲ್ಲರಿಗಿಂತ ದೊಡ್ಡದಾಗಿತ್ತು. ಅರ್ಷದನಿಗೆ ನಾಚಿಕೆಯಿಂದ ಕಿವಿ ಸುಟ್ಟಂತಾಯಿತು.

"ಸಾಲಿಗೆ ಬರ್ರಿ," ಎಂದರು ಮೌಲ್ವಿ.

ಅವನು ಹೋಗಲಿಲ್ಲ. ಜನರಿಗೆ ಬೆನ್ನು ಮಾಡಿ ಡೋಲಿಯ ಕಡೆ ತಿರುಗಿದ.

"ಯುನೂಸ, ನೀ ಸಿನಿಮಾ ಕಲಸ್ತಿದ್ದಿ. ನಾನ ಸುಳ್ಳ ಹೇಳಿದೆ. ಮಾಫ್ ಮಾಡೋ."

ಮುಂದಿನ ಸಾಲಿನಲ್ಲಿ ಅಹ್ಮದಸಾಬರು ತಲೆ ತಗ್ಗಿಸಿದರು. ಮಾತು ಸರಿಯಾಗಿ ಕೇಳಿಸದ ಹಿಂದಿನ ಸಾಲಿನವರು, ಇನ್ನೊಮ್ಮೆ ಕೇಳುತ್ತಿದ್ದಾನೆಂದುಕೊಂಡು, "ಮಾಫ್ ಮಾಡೇವಿ," ಎಂದರು. ಡೋಲಿಯ ಮೇಲಿನ ಚಾದರ ಅಲುಗಲಿಲ್ಲ.