ಕೂಗುವ ದೋಣಿ

ನಡುವೆ ನದಿ ಹರಿದು ಎರಡಾಗಿದ್ದ ಊರೊಂದಿತ್ತು. ಈ ದಡದಲ್ಲಿ ಮನೆಗಳು. ಆ ದಡದಲ್ಲಿ ಸಂತೆ, ಗಿರಣಿ, ಕರಡಿ ಪಂಡಿತರ ಔಷಧಿಯ ಗುಡಿಸಲು. ಓಡಾಡುವುದಕ್ಕೆ ಇದ್ದದ್ದು ಒಂದೇ ದೋಣಿ. ಅದನ್ನು ದೋಣಿ ಎನ್ನುವುದೂ ಅಷ್ಟು ಸರಿಯಲ್ಲ. ಯಾರೋ ಬಿಸಿಲು ಎಂದಿದ್ದರು, ಚಪ್ಪರ ಬಂದಿತ್ತು. ಇನ್ಯಾರೋ ಕಾಯುವುದು ಬೇಸರ ಎಂದಿದ್ದರು, ಉಯ್ಯಾಲೆ ಬಂದಿತ್ತು. ಆಮೇಲೆ ಕ್ಷೌರದ ಅಂಗಡಿ, ಪಾತ್ರೆಗೆ ಕಲಾಯಿ ಹಾಕುವ ಒಲೆ, ಬಳೆಯ ಮಲಾರ, ಹೆಣ್ಣುಗಂಡಿನ ಮಾತುಕತೆಗೆಂದು ಹಾಸಿದ ಜಮಖಾನ. ಬೇಕು ಎನ್ನುವವರು ಒಬ್ಬರೇ ಇದ್ದರೂ ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಎಷ್ಟೆಂದರೂ ಒಂದೇ ಊರು.

ಹೀಗಾಗಿ ದೋಣಿ ಹೊರಡುವುದೇ ದೊಡ್ಡ ಸಾಹಸವಾಗಿತ್ತು. ಒಲೆ ಆರಬೇಕು, ಕ್ಷೌರ ಮುಗಿಯಬೇಕು, ಸಂಬಂಧ ಕುದುರಬೇಕು ಇಲ್ಲವೇ ಮುರಿಯಬೇಕು. ಹೆರಿಗೆಗೆಂದು ಹತ್ತಿದ ಮೊಲವೊಂದು ದೋಣಿಯಲ್ಲೇ ಹೆತ್ತು, ಮರಿಗಳಿಗೆ ಹೆಸರಿಟ್ಟು, ಆಮೇಲೆ ಆ ದಡ ಕಂಡಿತಂತೆ. ಚುಕ್ಕಾಣಿ ಹಿಡಿದಿದ್ದ ಮುದಿಕೋಣ ಮಾತ್ರ, "ದಡ ಎಲ್ಲಿಗೆ ಓಡಿಹೋಯ್ತದೆ, ಕೂತ್ಕೊಳ್ರೋ" ಎನ್ನುತ್ತಿದ್ದ.

ಊರ ಸಭೆಗೆ ಕೊಕ್ಕರೆ ಅಧ್ಯಕ್ಷನಾದ ಮೇಲೆ ಇದು ಬದಲಾಯಿತು. ಕೊಕ್ಕರೆ ಹಗುರವಾದದ್ದರ ಉಪಾಸಕ. ಒಂಟಿ ಕಾಲಲ್ಲಿ ನಿಂತು ಬದುಕಬಲ್ಲವನಿಗೆ ಎರಡನೆಯ ಕಾಲೂ ಅನಗತ್ಯ ಭಾರವಾಗಿಯೇ ಕಾಣುವುದು. "ಒಂದು ದೋಣಿ, ಒಂದು ಕೆಲಸ" ಎಂದು ಅವನು ಸಾರಿದ. ಹಳೆಯ ದೋಣಿಯನ್ನು ಬಿಚ್ಚಿ, ಅದರ ಹಲಗೆಗಳಲ್ಲೇ ಪುಟ್ಟ ಪುಟ್ಟ ದೋಣಿಗಳನ್ನು ಕಟ್ಟಿದರು. ಹಾಲಿಗೊಂದು, ಬಟ್ಟೆಗೊಂದು, ಪ್ರಯಾಣಿಕರಿಗೊಂದು, ರೋಗಿಗಳಿಗೊಂದು, ಸುದ್ದಿಗೊಂದು. ಪ್ರತಿ ದೋಣಿಗೂ ತನ್ನದೇ ಕಟ್ಟೆ, ಕರೆಯಲು ತನ್ನದೇ ಸಿಳ್ಳೆ.

ಊರು ಹಿಗ್ಗಿತು. ಹಿಗ್ಗಬೇಕಾದದ್ದೇ, ಆ ದೋಣಿಗಳು ನೀರಿನ ಮೇಲೆ ಎಲೆಯ ಹಾಗೆ ಹಾರುತ್ತಿದ್ದವು. ಸಣ್ಣಪುಟ್ಟ ತೊಂದರೆ ಇರಲಿಲ್ಲವೆಂದಲ್ಲ. ಕತ್ತೆ ಒಂದು ದಿನ ಹಾಲಿನ ದೋಣಿಯ ಸಿಳ್ಳೆ ಹಾಕಿ ಮೈಲಿಗೆ ಬಟ್ಟೆಯ ಗಂಟು ಇಳಿಸಿಬಿಟ್ಟ, ಊರೆಲ್ಲ ಅವತ್ತು ಬಟ್ಟೆ ಒಗೆಯುವ ಚೌಳುಮಣ್ಣಿನ ವಾಸನೆಯ ಮಜ್ಜಿಗೆ ಕುಡಿಯಿತು. ಸಿಳ್ಳೆ ಮರೆತವರು ದಡದಲ್ಲಿ ನಿಂತು ಬಾಯಿ ಚೂಪು ಮಾಡಿಕೊಂಡು ಒದ್ದಾಡುವುದು ದಿನದ ನೋಟವಾಯಿತು. ಆದರೆ ಯಾರೂ ದೂರು ಹೇಳಲಿಲ್ಲ. ತಮಗೊಬ್ಬರಿಗೇ ಮರೆವು ಎಂದು ಪ್ರತಿಯೊಬ್ಬರೂ ನಾಚಿಕೊಂಡರು.

ಹೀಗಿರುವಾಗ ಒಂದು ಬೆಳಿಗ್ಗೆ ಮಾಳವ್ವ ಎಂಬ ಕುರಿಯ ಮರಿ, ಬೀರ, ಬೇಲಿಯ ಕಣಗಿಲೆ ಎಲೆ ತಿಂದುಬಿಟ್ಟ. ವಿಷದ ಎಲೆ. ಇನ್ನೂ ಮಾತು ಬಾರದ ಕೂಸು. ಬಾಯಲ್ಲಿ ನೊರೆ, ಕಾಲುಗಳಲ್ಲಿ ನಡುಕ. ಮಾಳವ್ವ ಅವನನ್ನು ಬೆನ್ನಿಗೆ ಹಾಕಿಕೊಂಡು ರೋಗಿಗಳ ಕಟ್ಟೆಗೆ ಓಡಿದಳು.

ಆ ದೋಣಿ ನಡೆಸುತ್ತಿದ್ದ ನಾಯಿ ಒಳ್ಳೆಯವನು. ಬೀರನ ಹಣೆ ನೆಕ್ಕಿ, ತಲೆಯಡಿಗೆ ಮೆತ್ತನೆ ಹುಲ್ಲಿಟ್ಟು ಮಲಗಿಸಿದ. ಮಾಳವ್ವ ಕಾಲೆತ್ತಿ ದೋಣಿಗೆ ಇಟ್ಟಳು.

"ನೀನೆಲ್ಲಿಗವ್ವ?"

"ಇವನ ಜೊತೆಗೆ."

"ನಿಂಗೇನು ಕಾಯಿಲೆ?"

"ನಂಗೇನಿಲ್ಲಣ್ಣ. ನಾನು ತಾಯಿ."

"ಹಂಗಾದ್ರೆ ನೀನು ಪ್ರಯಾಣಿಕಳು. ಪಕ್ಕದ ಕಟ್ಟೆಗೆ ಹೋಗು."

"ಅಣ್ಣಾ, ಇವನಿಗೆ ಮಾತು ಬರಲ್ಲ. ಕಣಗಿಲೆ ತಿಂದವ್ನೆ ಅಂತ ಪಂಡಿತರಿಗೆ ನೀನಾದ್ರೂ ಹೇಳು, ನಿನ್ನ ಕಾಲಿಗೆ ಬೀಳ್ತೀನಿ."

"ಇದು ಸಾಗಿಸೋ ದೋಣಿ ಕಣವ್ವ. ನಾನು ಒಂದು ಹೇಳಿ, ಅವರು ಒಂದು ಕೇಳಿ, ನಾಳೆ ನನ್ನ ತಲೆಗೇ ಬರ್ತದೆ. ಸುದ್ದಿಗೆ ಗಿಳಿ ಅವ್ನೆ, ಅವನಿಗೆ ಹೇಳು." ಹೀಗೆಂದ ನಾಯಿ ದೋಣಿ ತಳ್ಳಿಯೇಬಿಟ್ಟ. ರೋಗಿಯನ್ನು ಕಾಯಿಸಬಾರದು ಎಂಬುದು ಅವನ ನಿಯಮ.

ಮಾಳವ್ವ ಗಿಳಿಯ ಕಟ್ಟೆಗೆ ಓಡಿದಳು. ಗಿಳಿ ಸುದ್ದಿ ಕೇಳಿಕೊಂಡು, ಒಂದಕ್ಷರ ತಪ್ಪದೆ ಒಪ್ಪಿಸಿದ.

"ಪಂಡಿತರಿಗೆ ಕೂಡ್ಲೇ ಹೇಳ್ತೀಯಲ್ಲಪ್ಪಾ?"

"ಅವರು ನನ್ನ ಕಟ್ಟೆಗೆ ಬಂದು ಸಿಳ್ಳೆ ಹಾಕಿ ಕೇಳಿದ ಕೂಡ್ಲೇ."

"ಸುದ್ದಿ ಬಂದೈತೆ ಅಂತ ಅವರಿಗೆ ಗೊತ್ತಾಗೋದು ಹೆಂಗೆ?"

ಗಿಳಿಯ ದೋಣಿ ಅಷ್ಟರಲ್ಲಿ ನಡುನೀರು ಸೇರಿತ್ತು.

ಕೊನೆಗೆ ಮಾಳವ್ವ ಪ್ರಯಾಣಿಕರ ದೋಣಿ ಹತ್ತಿದಳು. ಅದನ್ನು ನಡೆಸುತ್ತಿದ್ದ ಕೋತಿ ಒಳ್ಳೆಯ ವೇಗಗಾರ. ಆದರೆ ಆ ದಡದಲ್ಲಿ ಆ ದೋಣಿಯ ಕಟ್ಟೆ ಹೊಳೆ ಹರಿಯುವ ಕೆಳದಿಕ್ಕಿಗೆ, ಪಂಡಿತರ ಗುಡಿಸಲಿನಿಂದ ದೂರ. ನಡುಹೊಳೆಯಲ್ಲಿ ನಿಂತು ಅವಳು ಎಲ್ಲವನ್ನೂ ನೋಡಿದಳು. ಗಿಳಿ ಎಲ್ಲರಿಗಿಂತ ಮೊದಲು ದಡ ಮುಟ್ಟಿ, ಗೂಟದ ಮೇಲೆ ಕೂತು ರೆಕ್ಕೆ ತೀಡಿಕೊಳ್ಳುತ್ತಿದ್ದ. ನಾಯಿ ಬೀರನನ್ನು ಜೋಪಾನವಾಗಿ ಇಳಿಸಿ ಮುಂದಿನ ರೋಗಿಗೆ ಹೊರಟಿದ್ದ. ಕರಡಿ ಪಂಡಿತರು ಮರಿಯ ಹೊಟ್ಟೆ ಮುಟ್ಟಿ ನೋಡಿ, "ಹೊಟ್ಟೆ ಉಬ್ಬರ. ಹರಳೆಣ್ಣೆ ಕುಡಿಸೋಣ" ಎಂದದ್ದು ನೀರಿನ ಮೇಲೆ ತೇಲಿಕೊಂಡು ಬಂದು ಅವಳ ಕಿವಿಗೆ ಬಿತ್ತು. ಯಾರೂ ತಪ್ಪು ಮಾಡಿರಲಿಲ್ಲ. ಎಲ್ಲವೂ ಬೇಗ ಬೇಗ ನಡೆಯುತ್ತಿತ್ತು. ಮರಿ ಸಾಯುವುದೂ.

"ಕಣಗಿಲೆ!" ಎಂದು ಮಾಳವ್ವ ಕಿರುಚಿದಳು.

"ಏಯ್, ಇದು ಪ್ರಯಾಣಿಕರ ದೋಣಿ," ಕೋತಿ ಗದರಿದ. "ಇಲ್ಲಿಂದ ಸುದ್ದಿ ಕಳಿಸೋ ಹಾಗಿಲ್ಲ. ನೀರಿಗೆ ಇಳಿಸಿಬಿಡ್ತೀನಿ ನೋಡು."

"ಇಳಿಸೋ ಮೂಳ! ಪಂಡಿತರೇ, ಕಣಗಿಲೆ! ನನ್ನ ಮಗ ಕಣಗಿಲೆ ತಿಂದವ್ನೆ!"

ಕರಡಿ ತಲೆಯೆತ್ತಿ, ಎಣ್ಣೆಯ ಬಟ್ಟಲು ಬಿಸುಟು, ವಿಷ ಹೀರುವ ಇದ್ದಿಲ ಪುಡಿಗೆ ಕೈ ಹಾಕಿದರು. ಬೀರ ಬದುಕಿದ. ಹಿಂಗಾಲುಗಳಲ್ಲಿ ಮಾತ್ರ ಬಲ ಉಳಿಯಲಿಲ್ಲ.

ಸಭೆ ಸೇರಿತು. ಮುದಿಕೋಣ ಎದ್ದು ನಿಂತ. "ತಾಯಿ ಮಗನ್ನ ಒಂದೇ ದೋಣೀಲಿ ಕೂರ್‍ಸಿದ್ರೆ ಆಯ್ತಿತ್ತಲ್ಲ ಸ್ವಾಮಿ."

ಕೊಕ್ಕರೆ ಮುಗುಳ್ನಕ್ಕ. "ಇವತ್ತು ತಾಯಿ ಅಂತೀರಿ. ನಾಳೆ ಉಯ್ಯಾಲೆ ಅಂತೀರಿ."

ಕೋಣ ಕೂತುಬಿಟ್ಟ. ಉಯ್ಯಾಲೆ ಕಟ್ಟಿದ್ದು ಅವನದೇ ದೋಣಿಯಲ್ಲಿ.

ಕೊಕ್ಕರೆ ವಿಚಾರವನ್ನು ಬಿಡಿಸಿಟ್ಟ. ಮರಿಯನ್ನು ಉಳಿಸಿದ್ದು ಕೂಗು. ಕೂಗು ಬಂದದ್ದು ಅದಕ್ಕಲ್ಲದ ದೋಣಿಯಿಂದ. ಕೊರತೆ ಏನೆಂದು ಇನ್ನು ಬಿಡಿಸಿ ಹೇಳಬೇಕೆ? ಹೀಗೆ ಕೂಗುವ ದೋಣಿ ಹುಟ್ಟಿತು. ಅದನ್ನು ನಡುಹೊಳೆಯಲ್ಲಿ ಲಂಗರು ಹಾಕಿ ನಿಲ್ಲಿಸಿದರು. ಕೂಗುವುದಕ್ಕೆ ಹುಟ್ಟುಗೋಲು ಯಾಕೆಂದು ಅದನ್ನು ಕೊಡಲಿಲ್ಲ. ಮಾಳವ್ವನಿಗೆ ಹಾರ ಹಾಕಿ, ಅದರಲ್ಲಿ ನಿಲ್ಲಿಸಿದರು. ಅವಳು ಕಣ್ಣೊರೆಸಿಕೊಂಡು ಒಪ್ಪಿಕೊಂಡಳು. ಇನ್ನೊಬ್ಬ ತಾಯಿಗೆ ಹೀಗಾಗದಿರಲಿ ಎಂದು ನಿಜವಾಗಿಯೂ ನಂಬಿದ್ದಳು.

ಮೊದಲ ದಿನ ಬೀರನನ್ನೂ ಕರೆತಂದಿದ್ದಳು. "ಇವನೂ ಕೂಗ್ತಾನಾ?" ಎಂದು ಕೇಳಿದರು. ಇಲ್ಲ. ರೋಗಿಯೇ? ಈಗ ಅಲ್ಲ. ಒಬ್ಬನೇ ಹೋಗಿಬರುವ ಪ್ರಯಾಣಿಕನೇ? ಅದೂ ಅಲ್ಲ. ಮಕ್ಕಳ ದೋಣಿಯ ಮಾತು ಸಭೆಯಲ್ಲಿ ನಡೆಯುತ್ತಿದೆ, ಅಲ್ಲಿಯವರೆಗೆ ದಡದಲ್ಲಿರಲಿ ಎಂದರು.

ಬೀರ ದಡದಲ್ಲಿ ಕೂತ. ಅವ್ವನ ದನಿ ದಿನವಿಡೀ ಅವನನ್ನು ಮುಟ್ಟುತ್ತಿತ್ತು. "ಗಿರಣಿ ಕೆಟ್ಟೈತೆ, ರಾಗಿ ತರಬ್ಯಾಡಿ!" "ಮೊಲದವ್ವಾ, ನಿನ್ನ ಅಳಿಯ ಬಂದವ್ನೆ!" ಅದರಲ್ಲಿ ಒಂದು ಮಾತೂ ಅವನಿಗಾಗಿ ಇರಲಿಲ್ಲ. ಊರಿನವರಂತೂ ಬೇಗ ಹದಕ್ಕೆ ಬಂದರು. ತಮ್ಮ ಹೆಸರು ಬಂದಾಗ ಕಿವಿ ನಿಮಿರಿಸುವುದು, ಉಳಿದಂತೆ ಹೊಳೆಯ ಸದ್ದಿನ ಹಾಗೆ ಬಿಟ್ಟುಬಿಡುವುದು.

ಒಂದು ಮಧ್ಯಾಹ್ನ ಬೀರ ಎದ್ದ. ಸೋತ ಹಿಂಗಾಲುಗಳನ್ನು ಎಳೆದುಕೊಂಡು ಮೆಟ್ಟಿಲಿಳಿದ. ಮುಂಗಾಲು ನೀರಿಗಿಟ್ಟ. ದೋಣಿಯತ್ತ ನೋಡಿ ಬಾಯಿ ತೆರೆದ. ಅಷ್ಟು ದೂರಕ್ಕೆ ಅವನ ದನಿ ಮುಟ್ಟುವಂತಿರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ.

"ಬೀರಾ! ಬ್ಯಾಡ ಕಣೋ! ಹಿಂದಕ್ಕೆ ಹೋಗೋ! ಯಾರಾದ್ರೂ ಹಿಡ್ಕೊಳ್ರೋ!"

ಬಟ್ಟೆ ಒಗೆಯುತ್ತಿದ್ದ ಕತ್ತೆ ಕಿವಿ ನಿಮಿರಿಸಿದ. ತನ್ನ ಹೆಸರಲ್ಲವೆಂದು ತಿಳಿದು ಮತ್ತೆ ಬಗ್ಗಿದ. ನಾಯಿ ದೋಣಿಯಲ್ಲಿ ಅರ್ಧ ಎದ್ದು, ಇದು ರೋಗಿಯ ಕರೆಯಲ್ಲವೆಂದು ಕೂತ. ಮರಿಯ ಎದೆಯವರೆಗೆ ನೀರು ಬಂದಿತ್ತು. ಮಾಳವ್ವ ಮತ್ತೆ ಕೂಗಿದಳು, ಮತ್ತೂ ಕೂಗಿದಳು.

ದಡದಲ್ಲಿ ನಿಂತಿದ್ದ ಕೊಕ್ಕರೆ ಕಣ್ಣು ಮುಚ್ಚಿಕೊಂಡು ತಲೆದೂಗಿದ.

"ಎಂಥ ದನಿ! ಇಷ್ಟು ದೂರದಿಂದಲೂ ಒಂದಕ್ಷರ ಮಸುಕಾಗಿಲ್ಲ."