ಹತ್ತು ಬೆರಳಿನ ಕಾಗದ

ಮೂರನೆಯ ಸಲವೂ ಗುಮಾಸ್ತ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ತಲೆಯಾಡಿಸಿದಾಗ ಅಕ್ಕಸಾಲಿಗೆ ಎಲ್ಲಿಲ್ಲದ ಸಿಟ್ಟು ಬಂತು. ಬೆರಳಿನ ಗುರುತು ಒತ್ತಬೇಕಾದ ಹತ್ತು ಚೌಕಗಳಲ್ಲಿ ಹತ್ತು ಕಪ್ಪು ಮಚ್ಚೆಗಳಿದ್ದವು.

"ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ರೀ."

"ನಲವತ್ತು ವರ್ಷ ಅರ ಹಿಡಿದು ಚಿನ್ನ ಉಜ್ಜಿದ ಕೈ ಸ್ವಾಮಿ. ಚಿನ್ನದ ಜೊತೆ ನಾವೂ ಸವೀತೀವಿ."

"ಅದನ್ನ ಬರೆಯೋಕೆ ಫಾರಂನಲ್ಲಿ ಜಾಗ ಇಲ್ಲ."

ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಲು ಪರವಾನಗಿ ಬೇಕೆಂದು ಅವನು ಈ ಮೆಟ್ಟಿಲು ಹತ್ತತೊಡಗಿ ಐದು ತಿಂಗಳಾಗಿತ್ತು. ಅದಕ್ಕೂ ಸ್ವಲ್ಪ ಮುಂಚೆ, ಗಿರಾಕಿಗೆ ಒಡವೆ ತಲುಪಿಸಲು ಹೊರಟಿದ್ದ ಅಣ್ಣನನ್ನು ಸೇತುವೆಯ ಬಳಿ ಯಾರೋ ಕೊಂದು ಚೀಲ ಕಿತ್ತುಕೊಂಡಿದ್ದರು. ಇನ್ನು ಆ ದಾರಿ ಹಿಡಿಯಬೇಕಾದವನು ತಮ್ಮನೇ. ಬರಿಗೈಯಲ್ಲಿ ಹೋಗುವುದಿಲ್ಲವೆಂದು ಅತ್ತಿಗೆ ದೇವರ ಮುಂದೆ ಅವನಿಂದ ಮಾತು ತೆಗೆದುಕೊಂಡಿದ್ದಳು. ಮಾಡಿ ಮುಗಿಸಿದ ಒಡವೆಗಳು ಪೆಟ್ಟಿಗೆಯಲ್ಲೇ ಕೂತಿದ್ದವು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿಯುತ್ತಿದ್ದರು.

ಮೊದಲ ಸಲ ಶಾಯಿ ಹೆಚ್ಚಾಯಿತೆಂದರು, ಎರಡನೆಯ ಸಲ ಕಡಿಮೆಯಾಯಿತೆಂದರು. ಬೆರಳೇ ಸರಿಯಿಲ್ಲವೆಂದು ಯಾರೂ ಹೇಳಿರಲಿಲ್ಲ.

"ಒಂದು ತಿಂಗಳು ಕೆಲಸ ಬಿಡಿ," ಎಂದ ಗುಮಾಸ್ತ. "ಗೆರೆ ತಾನಾಗೇ ಬರುತ್ತೆ."

"ಇದನ್ನ ಮೊದಲ ದಿನವೇ ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೋದ ವರ್ಷ ಒಬ್ಬರಿಗೆ ಮೊದಲ ದಿನವೇ ಹೇಳಿದ್ದೆ. ಅವರೂ ಹೀಗೇ ರೇಗಿದ್ರು. ಮತ್ತೆ ಬರಲೇ ಇಲ್ಲ." ಗುಮಾಸ್ತ ಕಪಾಟಿನಿಂದ ಧೂಳು ಹಿಡಿದ ಕಡತವೊಂದನ್ನು ಎಳೆದು ತೆರೆದ. "ನೋಡಿ, ಇದೇ ಥರ ಮಸಿ."

ಮಸಿಯ ಸಾಲಿನ ಮೇಲ್ಗಡೆ ಅಂಟಿಸಿದ್ದ ಫೋಟೋ ಅಣ್ಣನದು.

ತನ್ನೊಂದಿಗೆ ಒಂದೇ ಕೆಲಸದ ಹಲಗೆಯ ಮುಂದೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದವನು ಇದರ ಬಗ್ಗೆ ತುಟಿ ಬಿಚ್ಚಿರಲಿಲ್ಲ.

"ಯಾಕೆ ಬರಲಿಲ್ಲವಂತೆ?" ಎಂದು ಕೇಳಿದ ಅಕ್ಕಸಾಲಿ.

"ತಮ್ಮನಿಗೆ ಕಣ್ಣಿನ ಆಪರೇಷನ್ ಆಗಿದೆ, ನಾನೂ ಕೈ ಕಟ್ಟಿ ಕೂತರೆ ಅಂಗಡಿ ನಡೆಯಲ್ಲ ಅಂತ ಅವತ್ತೇ ಅಂದಿದ್ರು. ಯಾಕೆ, ನಿಮಗೆ ಗೊತ್ತಿರೋರಾ?"

ಅಕ್ಕಸಾಲಿ ಶಾಯಿ ಹತ್ತಿದ ಹೆಬ್ಬೆರಳನ್ನು ಅಣ್ಣನ ಹೆಬ್ಬೆರಳಿನ ಮಚ್ಚೆಯ ಮೇಲೆ ಇಡಹೋದ.

"ಮುಟ್ಟಬೇಡಿ, ಕಚೇರಿ ಕಾಗದ," ಎಂದು ಗುಮಾಸ್ತ ಕಡತ ಮುಚ್ಚಿದ.

ಮನೆಗೆ ಬಂದು ಅರಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ, ಬೀಗದ ಕೈಯನ್ನು ಅತ್ತಿಗೆಯ ಮುಂದಿಟ್ಟ. "ತಿಂಗಳು ತುಂಬೋವರೆಗೆ ಕೇಳಿದರೂ ಕೊಡಬೇಡಿ."

"ಪರವಾನಗಿ ಏನಾಯ್ತಪ್ಪ?"

"ಬೆರಳು ಬೆಳೀಬೇಕಂತೆ, ಅತ್ತಿಗೆ."

ಅವಳು ಎಷ್ಟೋ ದಿನಗಳ ಮೇಲೆ ಸಣ್ಣಗೆ ನಕ್ಕಳು. ಕಡತದ ವಿಷಯ ಅವನ ಬಾಯಿಗೆ ಬರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ದೇವರಿಗೆ ಕೈ ಮುಗಿಯುವಾಗ ಬೆರಳಿಗೆ ಬೆರಳು ತರಕಲಾಗಿ ತಾಗಿತು. ಬೆಳಕಿಗೆ ಹಿಡಿದು ನೋಡಿದರೆ ಹೆಬ್ಬೆರಳ ಮೇಲೆ ಕೂದಲೆಳೆಯಂಥ ಒಂದು ಗೆರೆ. ಅಣ್ಣನಿಗೂ ಇಂಥ ಒಂದು ತಿಂಗಳು ಸಿಕ್ಕಿದ್ದರೆ ಸಾಕಾಗುತ್ತಿತ್ತು. ಇದಕ್ಕಾಗಿ ದೇವರಿಗೆ ಏನೆಂದು ಹೇಳುವುದೋ ಅವನಿಗೆ ತಿಳಿಯಲಿಲ್ಲ. ಖಾಲಿ ಹಲಗೆಯ ಮುಂದೆ ಹೋಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಇನ್ನೂ ಇಪ್ಪತ್ತೊಂದು ದಿನ ಉಳಿದಿತ್ತು.