ಮೇಸ್ತ್ರಿಯ ಪಾಲಿನ ಮಾತ್ರೆ

ವಿದ್ಯುತ್ ಕೇಂದ್ರದ ಮೇಸ್ತ್ರಿ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರಂತೆ ಎಂಬ ಸುದ್ದಿ ರಾತ್ರಿ ಪಾಳಿ ಮುಗಿಸಿದವರೊಂದಿಗೆ ಬೆಳಿಗ್ಗೆ ಮನೆಗೆ ಬಂತು. ಎದೆ ಹಿಡಿದುಕೊಂಡರು, ಆಮೇಲೆ ಮಾತಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಬೇರೊಂದು ಮಾತೆದ್ದಿತ್ತು.

"ಆ ಮಾತ್ರೆಗಳೇ ಅಣ್ಣನ್ನ ನುಂಗಿದ್ದು!" ಮೈದುನ, ಅಂದರೆ ಮೇಸ್ತ್ರಿಯ ತಮ್ಮ, ಬಾಗಿಲಲ್ಲಿ ನಿಂತು ಕೂಗುತ್ತಿದ್ದ. ಅವನಿಗೂ ಅದೇ ವಿದ್ಯುತ್ ಕೇಂದ್ರದಲ್ಲಿ ಕೆಲಸ.

ಹೈಟೆನ್ಷನ್ ತಂತಿಗಳ ಕೆಳಗೆ ದಿನವಿಡೀ ದುಡಿಯುವವರ ರಕ್ತ ಪರೀಕ್ಷಿಸಲು ಬಂದಿದ್ದ ಡಾಕ್ಟರಮ್ಮ ಎಲ್ಲರಿಗೂ ವಿಟಮಿನ್ ಸಿ, ವಿಟಮಿನ್ ಇ ಮಾತ್ರೆ ಕೊಟ್ಟಿದ್ದರು. ತಂತಿಗಳ ಸುತ್ತಲಿನ ಕಾಂತಶಕ್ತಿ ಮೈಯೊಳಗೆ ಏನಾದರೂ ಸವೆತ ಮಾಡುತ್ತಿದ್ದರೆ ವಿಟಮಿನ್ನು ಅದನ್ನು ತಡೆದೀತೇ ಎಂದು ನೋಡಬೇಕಿತ್ತು. ಆಳುಗಳು ಹಿಂಜರಿದಾಗ, "ನಾನೂ ತಿಂತೀನಿ, ತಿನ್ರೋ" ಎಂದು ಒಪ್ಪಿಸಿದವರು ಮೇಸ್ತ್ರಿ. ಕೊಟ್ಟ ಮಾತಿಗೆ ತಪ್ಪದವರೆಂಬ ಹೆಸರೇ ಅವರ ಆಸ್ತಿ.

ಈಗ ಡಾಕ್ಟರಮ್ಮ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಮೈದುನ ತನ್ನ ಮಾತ್ರೆಗಳನ್ನು ಚರಂಡಿಗೆಸೆಯಲು ಕೈಯೆತ್ತಿದ. ತಲೆನೋವಿನಿಂದ ಒದ್ದಾಡುತ್ತಿದ್ದವನು, ಮಾತ್ರೆಯಿಂದಲೋ ಧೈರ್ಯದಿಂದಲೋ, ಇತ್ತೀಚೆಗಷ್ಟೇ ನಕ್ಕು ಮಾತಾಡತೊಡಗಿದ್ದ.

ಹೆಣದ ಪಕ್ಕ ಕೂತಿದ್ದ ಮೇಸ್ತ್ರಿಯ ಹೆಂಡತಿಗೆ ಎಲ್ಲವೂ ಕೇಳುತ್ತಿತ್ತು. ಹೇಳಿದರೆ ಹೋದವರ ಮಾನ ಹೋಗುತ್ತದೆ. ಹೇಳದಿದ್ದರೆ ಇದ್ದವರು ಹೆದರಿಕೆಯಲ್ಲೇ ಬದುಕುತ್ತಾರೆ. ದೇವರನ್ನು ನೆನೆದು ಹೊಸ್ತಿಲಿಗೆ ಬಂದಳು.

"ನಿಮ್ಮಣ್ಣ ಒಂದು ಮಾತ್ರೇನೂ ತಿಂದಿಲ್ಲ ಕಣಪ್ಪ. ಎಲ್ಲಾ ನಂಗೇ ತಿನ್ಸಿದ್ರು."

"ಯಾಕತ್ತಿಗೆ?"

"ತಂತಿ ಶಕ್ತಿ ಅಂಗಿಗೆ ಅಂಟ್ಕೊಂಡು ಮನೆಗೆ ಬರತ್ತಂತೆ. ಬಟ್ಟೆ ಒಗೆಯೋಳು ನೀನು, ನೀನೇ ತಿನ್ನು ಅಂದ್ರು. ಬೇಡ ಅಂದ್ರೆ ಮುನಿಸ್ಕೊಳ್ಳೋರು."

ಡಾಕ್ಟರಮ್ಮ ತಲೆಯೆತ್ತಿದರು. "ಅದಕ್ಕೇ ಅವರ ರಕ್ತದಲ್ಲಿ ವಿಟಮಿನ್ ಏರಲೇ ಇಲ್ಲ! ನಂಗೆ ಅರ್ಥವಾಗಿರ್ಲಿಲ್ಲ. ಬಟ್ಟೆಗೆ ಅದು ಅಂಟೋದಿಲ್ಲಮ್ಮ."

"ಊರಿಗೆಲ್ಲಾ ಬುದ್ಧಿ ಹೇಳೋ ಮೇಸ್ತ್ರಿಗೆ ಅದನ್ನ ಹೇಳೋರ್ಯಾರು?" ಎಂದಳು ಹೆಂಡತಿ.

"ನಮ್ಮೆದ್ರು ಬಾಯಿಗೆ ಹಾಕ್ಕೊಂಡು ನೀರು ಕುಡೀತಿದ್ರಲ್ಲಪ್ಪ," ಎಂದ ಗುಂಪಿನಲ್ಲೊಬ್ಬ. "ಎಂಥಾ ನಾಟಕದವರು!"

ಅಳುತ್ತಿದ್ದವರೇ ನಕ್ಕರು. ನಗುತ್ತಲೇ ಮತ್ತೆ ಅತ್ತರು. ಮೈದುನನ ಕೈ ಮೆಲ್ಲಗೆ ಇಳಿಯಿತು.

"ಊಟ ಆದ್ಮೇಲೆ ತಾನೆ ತಗೊಳ್ಳೋದು, ಡಾಕ್ಟ್ರೇ?" ಎಂದು ಕೇಳಿದ.

ಅವಳು ಒಳಗೆ ಹೋಗಿ, ಗಂಡನ ಪಾದದ ಮೇಲೆ ಸರಿದಿದ್ದ ಹೊದಿಕೆ ಎಳೆದು ಸರಿಮಾಡಿದಳು. ಕೈ ಜೋಡಿಸಿದಳು.

"ಭಗವಂತಾ, ತುಂಬ ದಣಿದು ಬಂದಿದಾರೆ. ನಿನ್ನ ನೆರಳಲ್ಲಿ ನೆಮ್ಮದಿಯಾಗಿ ಮಲಗಿಸ್ಕೋ."